ಐದನೇ ಜ್ವರ

ಕಲಾಪ್ರಪಂಚಕ್ಕೆ ನನ್ನ ಕಾಣಿಕೆ ಎರಡು. ಮೊದಲನೆಯದು, ರಾಮನಗರದ ಹೈಸ್ಕೂಲೊಂದರ ಕರಿಹಲಗೆಯ ಮೇಲೆ ಮೂವತ್ತೊಂದು ವರ್ಷ ಬರೆದು ಬರೆದು ಒರೆಸಿದ ದಾಸವಾಳದ ಹೂವು. ಎರಡನೆಯದು ಐದನೇ ಜ್ವರ. ದಾಸವಾಳಕ್ಕಾಗಿ ನನ್ನನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಕೇಸರ ಯಾವಾಗಲೂ ಒಸಿ ಉದ್ದವಾಯಿತು ಎಂದು ಒಬ್ಬ ಹೆಡ್‌ಮಾಸ್ಟರು ಹೇಳಿದ್ದುಂಟು, ಅಷ್ಟೆ. ಐದನೇ ಜ್ವರ ಮಾತ್ರ ಸಮುದ್ರ ದಾಟಿತು. ಅದು ಸುಳ್ಳಾಗಿದ್ದರಿಂದ ಅದಕ್ಕೆ ಪಾಸ್‌ಪೋರ್ಟು ಬೇಕಾಗಲಿಲ್ಲ.

ಹುಳ ಸಾಕಿ ಗೊತ್ತಿಲ್ಲದವರಿಗಾಗಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ರೇಷ್ಮೆ ಹುಳ ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಇನ್‌ಸ್ಪೆಕ್ಟರ್ ಬಂದ ದಿನದ ಮೇಷ್ಟ್ರ ಹಾಗೆ ಅಲುಗದೆ ಕೂತಿರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೈ ಬಿಸಿಯಿಲ್ಲ, ಕಾಯಿಲೆಯಿಲ್ಲ, ಡಾಕ್ಟರಿಗೆ ಕೆಲಸವಿಲ್ಲ. ಹೆಸರು ಮಾತ್ರ ಜ್ವರ. ಒಂದನೇ ಜ್ವರ, ಎರಡನೇ ಜ್ವರ, ಮೂರನೇದು, ನಾಲ್ಕನೇದು. ನಾಲ್ಕನೇ ಜ್ವರ ಎದ್ದ ಹುಳ ಏಳೆಂಟು ದಿನ ಬಿಡುವಿಲ್ಲದೆ ಮೇಯ್ದು, ಹಣ್ಣಾಗಿ, ಅಂದರೆ ನೂಲು ಬಿಡಲು ಮಾಗಿ, ಗೂಡಿಗೆ ಏರುತ್ತದೆ. ಐದನೇ ಜ್ವರ ಅಂತ ಒಂದಿಲ್ಲ. ಇದನ್ನು ನೆನಪಿಟ್ಟುಕೊಂಡರೆ ಸಾಕು.

ನನ್ನ ಅಕ್ಕನನ್ನು ಮರಳವಾಡಿಯ ಪಕ್ಕದ ಊರಿಗೆ ಕೊಟ್ಟಿತ್ತು. ಅವಳು ಮದುವೆಯಾಗಿ ಬಂದ ವರ್ಷದಿಂದ ಹುಳ ಸಾಕಿದವಳು. ಭಾವ ಸೊಪ್ಪು ಕೊಯ್ಯುವುದರಲ್ಲಿ ಎಷ್ಟು ಮುಂದೋ ಮಾತಾಡುವುದರಲ್ಲಿ ಅಷ್ಟೇ ಹಿಂದೆ. ಹುಳದ ಮನೆಗೆ ಅಕ್ಕನದೇ ಕಾನೂನು. ಬಾಗಿಲಲ್ಲಿ ಕಾಲು ತೊಳೆಯಬೇಕು, ಕೈ ತೊಳೆಯಬೇಕು, ಹೊಸಿಲ ಬಳಿ ಚೆಲ್ಲಿದ ಸುಣ್ಣದ ಪುಡಿ ತುಳಿದೇ ಒಳಗೆ ಕಾಲಿಡಬೇಕು. ಬೀಡಿ ಸೇದಿದವರಿಗೆ, ಸೆಂಟು ಬಳಿದುಕೊಂಡವರಿಗೆ, ಹೊಗೆಸೊಪ್ಪು ಮುಟ್ಟಿದವರಿಗೆ ಪ್ರವೇಶವಿಲ್ಲ. ಹೊಗೆಸೊಪ್ಪಿನ ಘಾಟು ಹುಳಕ್ಕೆ ವಿಷ. ನಾನು ನಶ್ಯದ ಮನುಷ್ಯ. ಆ ಮನೆಯ ಜಗಲಿಯ ಮೇಲೆ ನನ್ನ ನಶ್ಯದ ಡಬ್ಬಿ ಕಾದು ಕೂತಷ್ಟು ಹೊತ್ತು ನಾನು ಪಿಂಚಣಿ ಆಫೀಸಿನಲ್ಲೂ ಕೂತಿಲ್ಲ. ಈ ಕಾನೂನಿನ ಫಲವೋ ಏನೋ, ಅವಳು ಒಂದು ಬೆಳೆಯನ್ನೂ ತಿಪ್ಪೆಗೆ ಚೆಲ್ಲಿದವಳಲ್ಲ. ಸುತ್ತಲ ಏಳೂರಿನ ಹೆಂಗಸರು ಇದನ್ನು ಒಪ್ಪುತ್ತಿದ್ದರು, ಸಂತೋಷದಿಂದೇನೂ ಅಲ್ಲ.

ಆಗ ಹಾರೋಹಳ್ಳಿಯ ಕಡೆ ಕಾರ್ಖಾನೆಗಳು ಬರುತ್ತಿದ್ದ ಕಾಲ. ಕನಕಪುರದ ಬಸ್ಸಿನಲ್ಲಿ ಕೂತು ಒಂದು ತೂಕಡಿಕೆ ತೂಕಡಿಸಿ ಕಣ್ಣು ಬಿಟ್ಟರೆ ಒಂದು ಹೊಲ ಕಮ್ಮಿಯಾಗಿ ಒಂದು ಕಾಂಪೌಂಡು ಜಾಸ್ತಿಯಾಗಿರುತ್ತಿತ್ತು. ಅಕ್ಕನ ಹಿಪ್ಪುನೇರಳೆ ತೋಟವೂ ಕಾಗದದ ಮೇಲೆ ಹೋಗಿಯಾಗಿತ್ತು. ಅದಕ್ಕೆ ಹೊಂದಿಕೊಂಡೇ ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಮಾಡುವ ಕಾರ್ಖಾನೆಯ ಮೊದಲನೇ ಷೆಡ್ಡು ಎದ್ದಿತ್ತು. ಮಾನವ ಜನಾಂಗ ಕಾರಿನ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುವುದನ್ನು ಇನ್ನು ಸಹಿಸಲಾರದು ಎಂಬ ಹಂತಕ್ಕೆ ಬಂದಿತ್ತು. ನಮ್ಮಕ್ಕ ಅಡ್ಡ ಬರುವುದು ಸರಿಯಲ್ಲ. ಅವಳು ಅಡ್ಡ ಬರಲೂ ಇಲ್ಲ. ‘ಇನ್ನೂ ಎರಡು ತಿಂಗಳು ತೋಟ ಮುಟ್ಟಲ್ಲಮ್ಮ’ ಎಂದು ಕಾರ್ಖಾನೆಯ ಅಡ್ಮಿನ್ ಸಾಹೇಬರು ಬಾಯಿಮಾತಲ್ಲಿ ಹೇಳಿದ್ದರು. ಆ ಮಾತು ನಂಬಿ, ಕಡೇ ಬೆಳೆ ಒಂದು ತೆಗೆದುಬಿಡೋಣ ಎಂದು ಎರಡು ಜ್ವರ ದಾಟಿದ ಹುಳ ತಂದು ಹಾಕಿಕೊಂಡಿದ್ದಳು.

ಹುಳ ಮೂರನೇ ಜ್ವರಕ್ಕೆ ಕೂತ ದಿನ ಬೆಳಿಗ್ಗೆ ಅಕ್ಕ ಊರಿನ ಕಾಯಿನ್ ಬೂತಿನಿಂದ ಫೋನು ಮಾಡಿದಳು.

‘ಸೋಮವಾರ ಜೆಸಿಬಿ ತತ್ತಾರಂತೆ ಕಣ್ಲಾ. ಬಂದು ಒಸಿ ಇಂಗ್ಲಿಷಲ್ಲಿ ಮಾತಾಡು, ಬಾ.’

ನನ್ನ ಇಂಗ್ಲಿಷಿನ ಮೇಲೆ ಆ ಮಟ್ಟದ ನಂಬಿಕೆ ಇಟ್ಟವಳು ಅವಳೊಬ್ಬಳೇ. ಹೋದೆ. ಡಬ್ಬಿಯನ್ನು ಜಗಲಿಯ ಮೇಲೆ ಇಟ್ಟೆ. ಅಂಗಳದಲ್ಲಿ ಇಬ್ಬರು ನಿಂತಿದ್ದರು. ಒಬ್ಬರು ಅಡ್ಮಿನ್ ಸಾಹೇಬರು, ಕುತ್ತಿಗೆಗೆ ಫೋಟೋ ಇರುವ ಪಟ್ಟಿ ನೇತುಹಾಕಿಕೊಂಡು. ಇನ್ನೊಬ್ಬರು ಬೆಂಗಳೂರಿನ ಕಲಾವಿದರು. ತಲೆ ಬೋಳಿಸಿಕೊಂಡು, ಗಡ್ಡ ಬಿಟ್ಟು, ಹತ್ತು ಜೇಬಿನ ಪ್ಯಾಂಟು ತೊಟ್ಟಿದ್ದರು. ಬಹಳ ವಿನಯದ ಮನುಷ್ಯ. ಕನ್ನಡ ಅರ್ಥವಾಗುತ್ತಿತ್ತು, ಅರ್ಧ; ಅವರ ಮುಂದಿನ ಸಾಧನೆಗೆ ಈ ಅರ್ಧವೇ ಕಾರಣ.

ವಿಷಯ ಇಷ್ಟು. ಷೆಡ್ಡಿನ ಉದ್ಘಾಟನೆಗೆ ಹೊರದೇಶದ ದೊಡ್ಡ ಸಾಹೇಬರು ಬರುವವರಿದ್ದರು. ಬರೀ ಟೇಪು ಕತ್ತರಿಸಿದರೆ ಸಾಲದು, ಕಲೆ ಬೇಕು ಎಂದು ಅವರ ಕಡೆಯಿಂದ ಅಪ್ಪಣೆಯಾಗಿತ್ತು. ಅದೂ ಗೋಡೆಗೆ ತೂಗುಹಾಕುವ ಕಲೆಯಲ್ಲ. ನೋಡಲು ಬಂದವನು ಮುಟ್ಟಬೇಕು, ಮುಟ್ಟಿದರೆ ಅದು ಏನಾದರೂ ಮಾಡಬೇಕು. ತಂತ್ರಜ್ಞಾನ, ನಿಸರ್ಗ, ಮನುಷ್ಯನ ದೇಹ ಮೂರೂ ಅದರಲ್ಲಿ ಇರಬೇಕು. ತಂತ್ರಜ್ಞಾನ ಕಾರ್ಖಾನೆಯಲ್ಲಿತ್ತು, ದೇಹಗಳು ಬೆಂಗಳೂರಿನಿಂದ ಬರುವುದಿತ್ತು. ನಿಸರ್ಗ ಹುಡುಕಿಕೊಂಡು ಇಲ್ಲಿಗೆ ಬಂದಿದ್ದರು.

‘ಹುಳ ನೋಡಬಹುದಾ?’ ಎಂದರು ಕಲಾವಿದರು.

ಅಕ್ಕ ಹತ್ತಿರ ಬಂದು ಮೂಸಿದಳು. ‘ಸೆಂಟು ಹಾಕವ್ರೆ. ಮೊಳಕೈಗಂಟ ತೊಳ್ಕಳಕ್ಕೇಳು. ಕುತ್ಗೇನೂವೆ.’

ನೀರಿನ ತೊಟ್ಟಿಯ ಬಳಿ ಆ ಮನುಷ್ಯ ಕುತ್ತಿಗೆಗೆ ಸೋಪು ತಿಕ್ಕಿಕೊಂಡರು. ಅಡ್ಮಿನ್ ಸಾಹೇಬರು ಬೂಟು ಬಿಚ್ಚಲು ಒಪ್ಪದೆ ಹೊರಗೇ ಉಳಿದರು. ಒಳಗೆ ಮಬ್ಬು ಬೆಳಕು, ಅಟ್ಟಣಿಗೆಯಲ್ಲಿ ಸಾಲುಸಾಲು ಬಿದಿರ ತಟ್ಟೆ, ತಟ್ಟೆಯ ತುಂಬ ತಲೆ ಎತ್ತಿಕೊಂಡು ಕೂತ ಹುಳ.

‘ಇವು ಯಾಕೆ ಅಲ್ಲಾಡ್ತಾ ಇಲ್ಲ?’ ಕಲಾವಿದರು ಪಿಸುಗುಟ್ಟಿದರು.

‘ಜ್ವರಕ್ಕೆ ಕೂತವೆ. ಗಲಾಟೆ ಮಾಡ್ಬ್ಯಾಡ್ರಿ ಅನ್ನು,’ ಎಂದಳು ಅಕ್ಕ.

‘ಫೀವರ್,’ ಎಂದೆ ನಾನು.

ಅಷ್ಟೇ ಹೇಳಿದ್ದು. ಪೊರೆ, ಮೇವು, ಹೆಸರಿಗೆ ಮಾತ್ರ ಜ್ವರ, ಇದೆಲ್ಲ ಮುಂದೆ ಹೇಳಬೇಕೆಂದೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಕಣ್ಣು ಮುಚ್ಚಿ ತಲೆದೂಗಿದರು. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ನನ್ನ ಮಾತಿಗೆ ಯಾರೂ ಹಾಗೆ ತಲೆದೂಗಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

‘ಎಲ್ಲಕ್ಕೂನಾ?’

‘ಎಲ್ಲಕ್ಕೂ.’

‘ಒಟ್ಟಿಗೇ?’

‘ಒಟ್ಟಿಗೇ.’

‘ಈ ಅಮ್ಮ ಜೊತೇಲೇ ಇರ್ತಾರಾ?’

‘ಬಿಟ್ಟು ಕದಲೋದಿಲ್ಲ,’ ಎಂದೆ. ಅದು ನಿಜ.

ಹೊರಗೆ ಬಂದ ಕಲಾವಿದರು ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಆಮೇಲೆ ಒಂದೇ ಉಸಿರಿಗೆ ಮಾತಾಡಿದರು. ಹುಳಕ್ಕೆ ಜ್ವರ, ಭೂಮಿಗೆ ಜ್ವರ, ಮನುಷ್ಯನಿಗೆ ಜ್ವರ. ಯಂತ್ರ ಆ ಜ್ವರವನ್ನು ಅಳೆಯುತ್ತದೆ. ಷೆಡ್ಡಿನ ನಡುವೆ ಮೂರು ತಟ್ಟೆ ಹುಳ, ಸುತ್ತ ಕಂಬಗಳು, ಕಂಬದ ಮೇಲೆ ತಾಮ್ರದ ತಗಡು. ನೋಡುವವನು ಅಂಗೈ ಇಟ್ಟರೆ ಅವನ ಮೈಬಿಸಿಯೂ ನಾಡಿಬಡಿತವೂ ತಂತಿಯಲ್ಲಿ ಹರಿದು ಹುಳಗಳ ಮೇಲಿನ ಕೆಂಪು ಬಲ್ಬುಗಳನ್ನು ಬೆಳಗುತ್ತವೆ. ಹುಳ ಪರದೆಯ ಮೇಲೆ ಆನೆಯಷ್ಟು ದೊಡ್ಡದಾಗಿ ಕಾಣುತ್ತದೆ. ಹಿಂದಿನ ಷಟರ್ ಎತ್ತಿದರೆ ಹಸಿರು ತೋಟ. ‘ತೋಟ ಇರಲೇಬೇಕು,’ ಎಂದರು. ‘ಅದೇ ನಿಸರ್ಗ.’

‘ಅಲ್ಲಿ ಪಾರ್ಕಿಂಗ್ ಬರುತ್ತೆ ಸಾರ್,’ ಎಂದರು ಅಡ್ಮಿನ್.

‘ಉದ್ಘಾಟನೆ ಆಗೋವರೆಗೂ ನಿಸರ್ಗ. ಆಮೇಲೆ ಪಾರ್ಕಿಂಗ್.’

ಹೀಗೆ ಸೋಮವಾರದ ಜೆಸಿಬಿ ಮುಂದೆ ಹೋಯಿತು. ಮುಂದಿನ ಜ್ವರ ಯಾವಾಗ ಎಂದು ಕೇಳಿದರು. ಇನ್ನೈದು ದಿನಕ್ಕೆ ನಾಲ್ಕನೇದು ಎಂದಳು ಅಕ್ಕ. ಅಂದೇ ಉದ್ಘಾಟನೆ, ಮಾರನೇ ಬೆಳಿಗ್ಗೆ ಜೆಸಿಬಿ ಎಂದು ಅಲ್ಲೇ ತೀರ್ಮಾನವಾಯಿತು. ನಾನು ಗೆದ್ದವನಂತೆ ಅಕ್ಕನ ಕಡೆ ನೋಡಿದೆ. ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

‘ಲೇ, ನಾಕ್ನೇ ಜ್ವರ ಎದ್ದ ಮೇಲೆ ತಾನೇ ಹುಳ ಉಣ್ಣದು? ಇಲ್ಲೀಗಂಟ ತಿಂದದ್ದು ಬಾಯಿ ಮುಕ್ಕಳಿಸ್ದಂಗೆ. ಅವು ಹಸ್ಕಂಡು ಕಣ್ಬುಡೋ ದಿನವೇ ತೋಟ ಬಳ್ಕಂಡೋದ್ರೆ ಏನಾಕ್ಲಿ, ನಿನ್ನ ಇಂಗ್ಲಿಷ್ ಹಾಕ್ಲಾ?’

‘ಬೇರೆ ಕಡೆ ಸೊಪ್ಪು...’

‘ಎಲ್ಲೈತ್ಲಾ? ಆ ಕಡೆ ತೋಟ ಕಾಂಪೌಂಡಾಗೈತೆ. ಈ ಕಡೇದು ಟಿಪ್ಪರ್ ಧೂಳು ಕುಡ್ದು ಬೂದಿಯಾಗೈತೆ.’ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಎಂಟು ದಿನ. ನಂಗೆ ಎಂಟು ದಿನದ ಸೊಪ್ಪು ಬೇಕು. ಆಮೇಲೆ ತೋಟದಲ್ಲಿ ಕಾರಾರ ನಿಲ್ಸ್ಕಳ್ಳಿ, ರೈಲಾರ ನಿಲ್ಸ್ಕಳ್ಳಿ. ಒಂದ್ಸಲನೂ ಹುಳ ಚೆಲ್ದೋಳಲ್ಲ ನಾನು. ಕಡೇ ಬೆಳೇನ ತಿಪ್ಪೆಗೆ ಚೆಲ್ಲಿ ಕೈ ತೊಳ್ಕಳ್ಳಾಂಗ್ ಮಾಡ್ಬ್ಯಾಡ.’

ಅವಳು ಜೀವಮಾನದಲ್ಲಿ ನನ್ನನ್ನು ಬೇಡಿಕೊಂಡದ್ದು ಅದೊಂದೇ ಸಲ. ಅಂಗಳಕ್ಕೆ ವಾಪಸ್ಸು ಬರುವ ಇಪ್ಪತ್ತು ಹೆಜ್ಜೆಯಲ್ಲಿ ಐದನೇ ಜ್ವರ ಹುಟ್ಟಿತು.

‘ನಾಲ್ಕನೆಯದು ಸಾಧಾರಣ ಜ್ವರ,’ ಎಂದೆ. ಸುಳ್ಳು ಹೇಳುವಾಗ ಧ್ವನಿ ತಗ್ಗಿಸಬೇಕೆಂದು ಇನ್‌ಸ್ಪೆಕ್ಷನ್ ದಿನಗಳಲ್ಲಿ ಕಲಿತಿದ್ದೆ. ‘ನೀವು ನೋಡಬೇಕಾದ್ದು ಐದನೇ ಜ್ವರ.’

ಕಲಾವಿದರು ನೋಟ್‌ಬುಕ್ಕು ತೆಗೆದರು.

‘ಅದು ಬಂದಾಗ ಹುಳ ಅನ್ನ ಬಿಡುತ್ತದೆ. ಬೆಳ್ಳಗಿದ್ದ ಮೈ ಹೊಂಬಣ್ಣಕ್ಕೆ ತಿರುಗುತ್ತದೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ.’

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹಣ್ಣಾದ ಹುಳದ ಲಕ್ಷಣವೇ ಅದು. ಹೆಸರೊಂದು ನನ್ನ ಸ್ವಂತದ್ದು.

‘ಅದು ಯಾವಾಗ ಬರುತ್ತೆ?’

‘ನಾಲ್ಕನೆಯದು ಎದ್ದ ಎಂಟು ದಿನಕ್ಕೆ.’

‘ಕಾರ್ಡಿನ ಪ್ರಿಂಟಿಗೆ ಈಗಷ್ಟೇ ಫೋನು ಮಾಡ್ದೆ ಸಾರ್,’ ಎಂದು ಅಡ್ಮಿನ್ ಗೋಗರೆದರು.

‘ಜ್ವರ ಕಾರ್ಡು ನೋಡಿಕೊಂಡು ಬರಲ್ಲ,’ ಎಂದರು ಕಲಾವಿದರು. ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ. ಹುಳ ಮೂರನೇ ಜ್ವರ ಎದ್ದಿತು, ನಾಲ್ಕನೇದಕ್ಕೆ ಕೂತಿತು, ಅದನ್ನೂ ಮುಗಿಸಿ ಎದ್ದಿತು. ಎದ್ದದ್ದೇ ತಡ, ಭಾವನ ಕುಡುಗೋಲಿಗೆ ಬಿಡುವಿಲ್ಲ.

ನನ್ನನ್ನು ‘ಸ್ಥಳೀಯ ಕಲಾ ಸಲಹೆಗಾರ’ ಎಂದು ನೇಮಿಸಿದರು. ಬೋರ್ಡಿನ ಮೇಲೆ ಕನ್ನಡದಲ್ಲಿ ‘ಐದನೇ ಜ್ವರ’ ಎಂದು ದಪ್ಪಕ್ಷರದಲ್ಲಿ ಬರೆಯುವುದು ನನ್ನ ಕೆಲಸ. ಬರೆದೆ. ಸ್ವಂತ ಸುಳ್ಳನ್ನು ಅಷ್ಟು ದುಂಡಗೆ ಬರೆಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಷೆಡ್ಡಿನಲ್ಲಿ ಕೆಲಸ ಜೋರಾಗಿ ನಡೆದಿತ್ತು. ಕಂಬಗಳ ತುದಿಗೆ ಚನ್ನಪಟ್ಟಣದಿಂದ ಅರಗಿನ ಬಣ್ಣದ ಮರದ ಗುಂಡಿ ತರಿಸಿ ಕೂರಿಸಿದ್ದರು. ಅದು ಪರಂಪರೆಯಂತೆ. ತಾಮ್ರದ ತಗಡಿನ ಪರೀಕ್ಷೆಗೆ ನನ್ನನ್ನು ಕರೆದರು. ಅಂಗೈ ಇಟ್ಟೆ. ದೀಪ ಹತ್ತಲಿಲ್ಲ. ಒತ್ತಿ ಇಟ್ಟೆ. ಹತ್ತಲಿಲ್ಲ. ಕಂಪ್ಯೂಟರಿನ ಮುಂದೆ ಕೂತಿದ್ದ ಇಂಜಿನಿಯರು ಸಂಕೋಚದಿಂದ ಹೇಳಿದ: ‘ನಿಮ್ಮ ದೇಹ ಸಿಗ್ತಾ ಇಲ್ಲ ಸಾರ್.’ ಅರವತ್ತು ದಾಟಿದ ಮೇಲೆ ಇಂಥ ಸುದ್ದಿಯನ್ನು ಮನುಷ್ಯ ಯಾವಾಗ ಬೇಕಾದರೂ ಕೇಳಲು ಸಿದ್ಧನಿರಬೇಕು. ಆಮೇಲೆ ಭಾವನನ್ನು ನಿಲ್ಲಿಸಿದರು. ಸೊಪ್ಪು ಕೊಯ್ದು ಕೊಯ್ದು ಜಡ್ಡುಗಟ್ಟಿದ ಅಂಗೈ. ಯಂತ್ರಕ್ಕೆ ಅದು ಕೈ ಎಂದೇ ಗೊತ್ತಾಗಲಿಲ್ಲ. ಕಡೆಗೆ ಅಡ್ಮಿನ್ ಸಾಹೇಬರು ಎರಡು ಬೆರಳು ತಾಗಿಸಿದರು. ಇಡೀ ಷೆಡ್ಡು ದೀಪಾವಳಿಯಾಯಿತು. ‘ಪರ್ಫೆಕ್ಟ್!’ ಎಂದರು ಎಲ್ಲರೂ. ಭಾವ ತನ್ನ ಅಂಗೈಯನ್ನು ಒಂದು ಸಲ ತಿರುಗಿಸಿ ನೋಡಿಕೊಂಡು, ಪಂಚೆಗೆ ಒರೆಸಿಕೊಂಡು, ಸೊಪ್ಪು ಕೊಯ್ಯಲು ಹೋದ.

ಉದ್ಘಾಟನೆಗೆ ಮೂರು ದಿನ ಮುಂಚೆ ಮೂರು ತಟ್ಟೆ ಷೆಡ್ಡಿಗೆ ಬಂದವು. ಅಕ್ಕ ಬಲ್ಬುಗಳ ಕೆಳಗೆ ಕೈ ಹಿಡಿದು ಶಾಖ ನೋಡಿ, ಒಂದು ಮಾರು ಮೇಲಕ್ಕೆ ಕಟ್ಟಿಸಿದಳು. ಹುಳ ಮೇಯುವ ಸದ್ದನ್ನು ಕಲಾವಿದರು ಮೈಕಿನಲ್ಲಿ ಹಿಡಿದು, ಸ್ಪೀಕರಿನಲ್ಲಿ ದೊಡ್ಡದು ಮಾಡಿ ಅವಳಿಗೆ ಕೇಳಿಸಿದರು. ಸೊರಸೊರ ಸದ್ದು ಷೆಡ್ಡೆಲ್ಲ ತುಂಬಿತು. ಕಲಾವಿದರು ಅವಳ ಮುಖವನ್ನೇ ನೋಡುತ್ತಿದ್ದರು, ಈಗ ಕಣ್ಣಲ್ಲಿ ನೀರು ಬರುತ್ತದೆ ಎಂದು.

‘ಬಾಡಿದ ಸೊಪ್ಪು ಯಾರ್ಲಾ ಹಾಕ್ದೋರು?’ ಎಂದಳು ಅಕ್ಕ.

ಬೆಳಿಗ್ಗೆ ಕೊಯ್ದದ್ದನ್ನು ಮಧ್ಯಾಹ್ನದತನಕ ಬಿಸಿಲಲ್ಲಿ ಇಟ್ಟು ಹಾಕಿದವರು ಕಲಾವಿದರೇ. ಸದ್ದು ಕೇಳಿಯೇ ಹೇಗೆ ಗೊತ್ತಾಯಿತು ಎಂದು ಅವರು ಬೆರಗಾದರು. ಆ ಬೆರಗನ್ನು ಅವಳು ಲೆಕ್ಕಕ್ಕಿಡಲಿಲ್ಲ. ‘ಒದ್ದೆ ಗೋಣಿ ಮುಚ್ಚಿ ಮಡಗ್ಬೇಕು ಅಂತ ಹೇಳು. ಒಂದು ದಿನ ಆದ್ರೂ ಬಾಡಕ್ಕಿಲ್ಲ.’ ನಾನು ತರ್ಜುಮೆ ಮಾಡಿದೆ. ಕಲಾವಿದರು ಬರೆದುಕೊಂಡರು.

ಉದ್ಘಾಟನೆಯ ದಿನ ಬಂತು. ಮಾಗಡಿಯಿಂದ ಶಾಮಿಯಾನ, ಬೆಂಗಳೂರಿನಿಂದ ಜನ, ದೊಡ್ಡ ಸಾಹೇಬರಿಗೆ ಮೈಸೂರು ಪೇಟ. ಬಲ್ಬಿನ ಬೆಚ್ಚಗೆಯಲ್ಲಿದ್ದ ಮೂರು ತಟ್ಟೆಯ ಹುಳ ನಾನು ವರ್ಣಿಸಿದ ಹಾಗೆಯೇ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ಗಾಳಿಯಲ್ಲಿ ಹುಡುಕುತ್ತಿದ್ದವು. ಕಲಾವಿದರು ನನ್ನ ಕೈ ಹಿಡಿದು ‘ಬಂತು, ಸಾರ್’ ಎಂದರು. ಹೆಮ್ಮೆಪಡುವಷ್ಟರಲ್ಲಿ ಅಕ್ಕ ಹಿಂದಿನಿಂದ ನನ್ನ ತೋಳು ಹಿಡಿದೆಳೆದಳು.

‘ಮನೇಲಿರವು ಆಗಿಲ್ಲ ಕಣ್ಲಾ. ಮೋಡ ಕವ್ಕಂಡು ತಂಪಿತ್ತಲ್ಲ, ಇನ್ನೊಂದ್ ದಿನ ಉಣ್ತವೆ. ನಾಳೀಕೆ ಸೊಪ್ಪು?’

ಎಂಟು ದಿನ ಎಂದವಳು ಅವಳೇ. ಅದನ್ನು ನೆನಪು ಮಾಡುವಷ್ಟು ಧೈರ್ಯ ನನಗೆ ಯಾವತ್ತೂ ಬಂದದ್ದಿಲ್ಲ. ಜೆಸಿಬಿ ಆಗಲೇ ಬಂದು ಕಾಂಪೌಂಡಿನ ಆಚೆ ಕೈ ಮಡಿಚಿಕೊಂಡು ನಿಂತಿತ್ತು. ಬೆಳಗಾದರೆ ತೋಟವಿಲ್ಲ. ಒಂದು ಜ್ವರ ಸೃಷ್ಟಿಸಿದವನಿಗೆ ಇನ್ನೊಂದು ಸೃಷ್ಟಿಸುವುದು ಕಷ್ಟವಲ್ಲ, ಆದರೆ ದೊಡ್ಡ ಸಾಹೇಬರ ವಿಮಾನ ಆರನೇದಕ್ಕೆ ಕಾಯುವುದಿಲ್ಲ.

‘ಅಕ್ಕ, ಒದ್ದೆ ಗೋಣಿ,’ ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಭಾವನನ್ನು ಕೂಗುತ್ತ ತೋಟದ ಕಡೆ ಹೋದಳು.

ಭಾಷಣಗಳು ಶುರುವಾದವು. ಷಟರ್ ಎತ್ತಿದರು. ಹಸಿರು ತೋಟ ಚೌಕಟ್ಟು ಹಾಕಿದ ಹಾಗೆ ಕಂಡಿತು, ಚಪ್ಪಾಳೆ. ರಾಮನಗರದಿಂದ ನನ್ನ ರೀಲರ್ ಗೆಳೆಯನನ್ನು ನಾನೇ ಕರೆಸಿದ್ದೆ. ಗೂಡಿನ ಮಾರುಕಟ್ಟೆಯ ಎದುರು ಅವನೂ ನಾನೂ ಕುಡಿದ ಟೀಗೆ ಕೊನೆಯಿಲ್ಲ. ಅಕ್ಕನ ಗೂಡು ಎಷ್ಟೋ ವರ್ಷ ಅವನ ಒಲೆಯಲ್ಲೇ ಬೆಂದು ನೂಲಾಗಿದೆ. ಅವನು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತ.

‘ಮೇಷ್ಟ್ರೇ, ನಮ್ಮ ಅಬ್ಬಾ ಕಾಲದಿಂದ ನಾಲ್ಕೇ ಇದ್ದಿದ್ದು. ಇದು ಯಾವಾಗ ಬಂತು, ಐದನೇದು?’

‘ಕಾರ್ಖಾನೆ ಬಂದ ಮೇಲೆ, ಭಾಯ್.’

‘ಅರೆ! ಹೊಸ ಮಾಡಲ್ಲಾ?’ ಎಂದು ಟೋಪಿ ಸರಿಮಾಡಿಕೊಂಡ.

ಅಲ್ಲೇ ಆಪತ್ತು ಬಂತು. ಇವನು ರೇಷ್ಮೆಯವನು ಎಂದು ತಿಳಿದ ಅಡ್ಮಿನ್ ಸಾಹೇಬರು ಅವನ ಕೈಗೆ ಮೈಕು ಕೊಟ್ಟು ‘ಐದನೇ ಜ್ವರದ ಬಗ್ಗೆ ಎರಡು ಮಾತಾಡಿ’ ಎಂದರು. ಭಾಯ್ ನನ್ನನ್ನು ನೋಡಿದ. ತೆರೆದ ಷಟರಿನಾಚೆ ನೋಡಿದ. ತೋಟದ ಕೊನೆಯಲ್ಲಿ ಭಾವನ ಕುಡುಗೋಲು ಆಡುತ್ತಿತ್ತು. ಅವನ ಜೊತೆ ಊರಿನ ಏಳೆಂಟು ಹೆಂಗಸರು ಬಗ್ಗಿದ್ದರು. ಭಾಯ್ ರೀಲರು, ಉಳಿದದ್ದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿ‌ಲ್ಲ.

‘ಸಾಬ್,’ ಎಂದ ಮೈಕಿನಲ್ಲಿ, ‘ನಾಲ್ಕು ಜ್ವರ ಹುಳಕ್ಕೆ ಬರ್ತದೆ. ಐದನೇದು...’ ಗಂಟಲು ಸರಿಮಾಡಿಕೊಂಡ. ‘ಐದನೇದು ಎಲ್ಲರಿಗೂ ಬರಲ್ಲ ಸಾಬ್. ದೊಡ್ಡವರಿಗೆ ಮಾತ್ರ.’

ಕಲಾವಿದರು ಇದನ್ನು ಇಂಗ್ಲಿಷಿಗೆ ತಿರುಗಿಸಿದರು. ಒಂದು ವಾಕ್ಯ ಹೋಗಿ ಆರು ವಾಕ್ಯವಾಯಿತು. ದೊಡ್ಡ ಸಾಹೇಬರು ಎದೆಯ ಮೇಲೆ ಕೈ ಇಟ್ಟುಕೊಂಡರು.

ಆಮೇಲೆ ಒಬ್ಬೊಬ್ಬರಾಗಿ ಬಂದು ತಾಮ್ರದ ಮೇಲೆ ಅಂಗೈ ಇಡತೊಡಗಿದರು. ದೀಪ ಹತ್ತುವುದು, ಜನ ‘ಓ’ ಎನ್ನುವುದು, ಪರದೆಯ ಮೇಲೆ ಆನೆಯಂಥ ಹುಳ ತಲೆ ಆಡಿಸುವುದು. ಅತ್ತ ಷಟರಿನ ಚೌಕಟ್ಟಿನಲ್ಲಿ ಹಸಿರು ಒಂದೊಂದೇ ಸಾಲು ಕಮ್ಮಿಯಾಗುತ್ತ ಬಂತು. ಅರ್ಧ ತೋಟ ಬರೀ ಕಡ್ಡಿಯಾದಾಗ ಅಡ್ಮಿನ್ ಸಾಹೇಬರ ಕಣ್ಣಿಗೆ ಬಿತ್ತು.

‘ಮೇಷ್ಟ್ರೇ! ನಿಸರ್ಗ ಹೋಗ್ತಾ ಇದೆ!’

‘ಅದೂ ಅದರಲ್ಲೇ ಸೇರಿದೆ,’ ಎಂದೆ.

‘ಹೌದಾ?’ ಎಂದು ಅವರು ಕಲಾವಿದರ ಕಡೆ ತಿರುಗಿದರು. ಕಲಾವಿದರಿಗೆ ಏನೂ ಗೊತ್ತಿರಲಿಲ್ಲ. ಆದರೆ ದೊಡ್ಡ ಸಾಹೇಬರು ಪಕ್ಕದಲ್ಲೇ ನಿಂತು ಅದನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ಕಲಾವಿದರು ಷಟರಿನ ಕಡೆ ನೋಡಿದರು, ಗಡ್ಡ ನೀವಿಕೊಂಡರು, ನಿಧಾನವಾಗಿ ‘ಹೌದು’ ಎಂದರು. ನಾವು ಅಂಗೈ ಇಟ್ಟಷ್ಟೂ ಹಸಿರು ಕಮ್ಮಿಯಾಗುತ್ತದೆ ಎಂದು ವಿವರಿಸಿದರು. ಅವರು ಆವತ್ತು ಆಡಿದ ಮಾತುಗಳಲ್ಲಿ ಅತ್ಯಂತ ಸತ್ಯವಾದದ್ದು ಅದು. ಅದನ್ನು ಕೇಳಿದ ಮೇಲೆ ಅಂಗೈ ಇಡಲು ಇನ್ನೂ ಉದ್ದದ ಸಾಲು ನಿಂತಿತು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಹಣ್ಣಾದ ಹುಳ ವಂದನಾರ್ಪಣೆಗೆ ಕಾಯುವುದಿಲ್ಲ. ತಟ್ಟೆಯಿಂದ ಇಳಿದು ವೈರುಗಳ ಮೇಲೆ ಹತ್ತಿ, ಮೈಕಿನ ಸಂದಿಯಲ್ಲಿ, ಚನ್ನಪಟ್ಟಣದ ಗುಂಡಿಯ ಸುತ್ತ ನೂಲು ಬಿಡಲು ಶುರು ಮಾಡಿದ್ದವು. ಆಗ ಅಕ್ಕ ಬಂದಳು. ತಲೆಯ ಮೇಲೆ ಚಂದ್ರಂಕಿ, ಅಂದರೆ ಹುಳ ಗೂಡು ಕಟ್ಟಲು ಬಿಡುವ ಸುರುಳಿ ಹೆಣೆದ ಬಿದಿರಿನ ಚಾಪೆ. ಸೀದಾ ಜನರ ನಡುವೆ ನುಗ್ಗಿ, ಚಂದ್ರಂಕಿಯನ್ನು ನೆಲಕ್ಕೊರಗಿಸಿ, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಹುಳ ಆರಿಸಿ ಅದರ ಮೇಲೆ ಬಿಡತೊಡಗಿದಳು.

ಕ್ಯಾಮೆರಾ ಅವಳ ಕೈಯನ್ನು ಪರದೆಯ ತುಂಬ ತೋರಿಸಿತು. ದೊಡ್ಡ ಸಾಹೇಬರು ಪೇಟ ಸಮೇತ ಅವಳ ಪಕ್ಕ ಮಂಡಿಯೂರಿ ಒಂದು ಹುಳಕ್ಕೆ ಕೈ ಹಾಕಿದರು. ಅಕ್ಕ ಆ ಕೈಗೆ ಪಟ್ಟೆಂದು ಒಂದು ಕೊಟ್ಟಳು.

‘ಕೈ ತೊಳ್ಕಂಬಾ ಅನ್ಲಾ ಇವ್ನಿಗೆ!’

ನಾನು ತರ್ಜುಮೆ ಮಾಡಿದೆ. ದೊಡ್ಡ ಸಾಹೇಬರು ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಅವರು ತೊಳೆದ ಮೇಲೆ ಅಡ್ಮಿನ್ ತೊಳೆದರು, ಅಕೌಂಟ್ಸಿನವರು ತೊಳೆದರು, ಬೆಂಗಳೂರಿನವರೆಲ್ಲ ನಲ್ಲಿಯ ಮುಂದೆ ಸಾಲು ನಿಂತರು. ಆಮೇಲೆ ಒಂದು ಗಂಟೆ ಹೊತ್ತು ಆ ಕಾರ್ಖಾನೆಯ ಆಡಳಿತವರ್ಗ ನೆಲದ ಮೇಲೆ ಕೂತು ಹುಳ ಆರಿಸಿತು. ಸಂಸ್ಥೆಯ ಇತಿಹಾಸದಲ್ಲಿ ಅವರು ಕೈಯಾರೆ ಮಾಡಿದ ಕೆಲಸ ಅದೊಂದೇ ಇರಬಹುದು. ‘ಮೆತ್ತಗೆ, ಅಮುಕ್ಬ್ಯಾಡ್ರಿ,’ ಎಂದು ಅಕ್ಕ ಮೇಸ್ತ್ರಿಯ ಹಾಗೆ ಓಡಾಡಿದಳು. ಕಡೇ ಹುಳ ಏರಿದ ಮೇಲೆ ಚಂದ್ರಂಕಿಯನ್ನು ಭಾವನೂ ಅವಳೂ ಹಿಡಿದುಕೊಂಡು ಹೊರಟರು. ನೆಲದ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಕ್ಕ ಹಿಂತಿರುಗಿ ನೋಡಲಿಲ್ಲ. ಅವಳ ಮನಸ್ಸೆಲ್ಲ ಒದ್ದೆ ಗೋಣಿಯ ಕೆಳಗಿತ್ತು.

ಮಾರನೇ ಬೆಳಿಗ್ಗೆ ಜೆಸಿಬಿ ಒಳಕ್ಕೆ ಬಂದಾಗ ತೋಟದಲ್ಲಿ ಒಂದೆಲೆಯೂ ಇರಲಿಲ್ಲ. ಸೊಪ್ಪೆಲ್ಲ ಹುಳದ ಮನೆಯಲ್ಲಿತ್ತು. ಹುಳ ಇಡೀ ದಿನ ಮೇಯ್ದವು. ಹೊರಗೆ ಜೆಸಿಬಿ ಬೇರು ಕೀಳುವ ಸದ್ದು, ಒಳಗೆ ಆ ಗಿಡದ್ದೇ ಕಡೇ ಸೊಪ್ಪು ಮೇಯುವ ಸದ್ದು. ಅದರ ಮಾರನೆಯ ದಿನ ಎಲ್ಲ ಹಣ್ಣಾಗಿ ಏರಿದವು. ಒಂದು ಹುಳವೂ ತಿಪ್ಪೆಗೆ ಹೋಗಲಿಲ್ಲ. ವಾರದ ಮೇಲೆ ರಾಮನಗರದ ಮಾರುಕಟ್ಟೆಯಲ್ಲಿ ಭಾಯ್ ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ, ‘ಮೇಷ್ಟ್ರೇ, ಜ್ವರ ಚೆನ್ನಾಗೇ ಇಳಿದಿದೆ’ ಎಂದ.

ಮುಂದಿನ ವರ್ಷ ಕಲಾವಿದರು ಹೊರದೇಶದಲ್ಲಿ ಅಚ್ಚಾದ ದಪ್ಪ ಪುಸ್ತಕವೊಂದನ್ನು ಕಳಿಸಿದರು. ಐದನೇ ಜ್ವರ ಅಲ್ಲೆಲ್ಲ ಪ್ರದರ್ಶನವಾಗುತ್ತಿತ್ತು, ಪ್ಲಾಸ್ಟಿಕ್ ಹುಳ ಇಟ್ಟುಕೊಂಡು. ಇಡೀ ಒಂದು ಪುಟದ ತುಂಬ ಚಂದ್ರಂಕಿಯ ಫೋಟೋ, ಅಕ್ಕನ ಕೈ, ಪಕ್ಕದಲ್ಲಿ ದೊಡ್ಡ ಸಾಹೇಬರ ಕೈ. ತೋರಿಸಲೆಂದು ತೆಗೆದುಕೊಂಡು ಹೋದೆ. ಅವಳು ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

‘ಈ ಹುಳ ಇನ್ನೂ ಹಣ್ಣಾಗಿರ್ಲಿಲ್ಲ ಕಣ್ಲಾ,’ ಎಂದಳು, ಸಾಹೇಬರ ಬೆರಳ ಸಂದಿ ತೋರಿಸಿ. ‘ಆತ್ರ ಬಿದ್ದು ಎತ್ಬುಟ್ಟವ್ನೆ.’

ಕಾಫಿಗೆ ಹುಳದ ಮನೆಯೊಳಕ್ಕೇ ಕರೆದಳು, ಅಲ್ಲಿ ತಂಪು ಎಂದು. ನಾನು ರೂಢಿಯಂತೆ ಡಬ್ಬಿಯನ್ನು ಜಗಲಿಯ ಮೇಲಿಟ್ಟೆ.

‘ಒಳಕ್ಕೇ ತಗಂಬಾ. ಇನ್ಯಾವ ಹುಳ ಸಾಯ್ಬೇಕೈತೆ.’

ತೆಗೆದುಕೊಂಡು ಹೋದೆ. ಅಟ್ಟಣಿಗೆಯಲ್ಲಿ ತಟ್ಟೆಗಳನ್ನು ತೊಳೆದು ಬೋರಲು ಹಾಕಿದ್ದಳು. ಕೂತು, ಆ ಮನೆಯೊಳಗೆ ಮೊದಲನೇ ಸಲ, ಒಂದು ಚಿಟಿಕೆ ನಶ್ಯ ಏರಿಸಿದೆ. ಸೀನು ಬಂತು, ದೊಡ್ಡದೇ. ಇಬ್ಬರೂ ಗಾಬರಿಯಾಗಿ ತಟ್ಟೆಗಳ ಕಡೆ ತಿರುಗಿದೆವು.